ಎರಡಾಳಿನ ಬಾಡಿಗೆ

ಭಾನುಮತಿ ಹತ್ತಿ ಕುಳಿತದ್ದೇ ತಡ, ಮುನಿಯಣ್ಣನ ಜಟಕಾ ಮುಂದಕ್ಕೆ ಹೊರಡುವ ಬದಲು ಹಿಂದಕ್ಕೆ ವಾಲಿತು. ಕುದುರೆ ಕತ್ತೆತ್ತಿ ತಡವರಿಸಿತು. ಹಿಂದಿನ ಅಂಚಿನಲ್ಲಿದ್ದ ವೆಂಕಟಲಕ್ಷ್ಮಿ ಗಾಡಿಯ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮುನಿಯಣ್ಣ ಕೆಳಗೆ ಧುಮುಕಿ, ಗಾಡಿಯ ಮುಂಭಾಗವನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಎಲ್ಲಿ ತಪ್ಪಿತೆಂದು ತಿಳಿಯದೆ ನಿಂತ.

ಅವನ ಅಂದಾಜು ತಪ್ಪುವಂಥದ್ದಲ್ಲ. ಭಾನುಮತಿ ಆರು ವರ್ಷದಿಂದ ವಾರಕ್ಕೊಮ್ಮೆ ಕುಂದಲಹಳ್ಳಿ ಗೇಟಿನಿಂದ ವರ್ತೂರಿನ ತನ್ನ ಅಕ್ಕನ ಮನೆಗೆ ಇದೇ ಗಾಡಿಯಲ್ಲಿ ಹೋಗುತ್ತಿದ್ದಳು. ಅವಳು ಮುಂದೆ ಕೂತರೆ ಭಾರವೆಲ್ಲ ಕುದುರೆಯ ಬೆನ್ನಿಗೆ ಬೀಳುತ್ತದೆಂದು ಅವನು ಹಿಂದುಗಡೆ ಒಂದು ಹುರುಳಿ ಮೂಟೆ ಹಾಕುತ್ತಿದ್ದ. ಇವತ್ತೂ ಅವಳು ಹತ್ತುತ್ತಲೇ ಕಾಲ ಬಳಿಯಿದ್ದ ಮೂಟೆಯನ್ನು ಹಿಂದಕ್ಕೆ ತಳ್ಳಿದ್ದ. ಅವಳಿಂದ ಇಬ್ಬರ ಬಾಡಿಗೆ, ಎಂಬತ್ತು ಪೈಸೆ, ಇಸಿದುಕೊಳ್ಳುತ್ತಿದ್ದ. ಮೊದಮೊದಲು ಇದಕ್ಕೆ ಜಗಳವೇ ಆಗಿತ್ತು. ಬಸ್ಸಿನವನು ಒಂದೇ ಟಿಕೆಟ್ ಕೊಡ್ತಾನಲ್ಲ ಎಂದರೆ, "ಬಸ್ಸು ಡೀಸೆಲ್ ಕುಡಿಯುತ್ತೆ ಕಣಮ್ಮಾ, ನನ್ ಕುದ್ರೆ ಉಸಿರು ಬಿಡುತ್ತೆ" ಎಂದಿದ್ದ. ಅವಳ ಪರವಾಗಿ ವೆಂಕಟಲಕ್ಷ್ಮಿ, "ಹಾಗಾದ್ರೆ ನಾನು ಕಡ್ಡಿ ಥರ ಇದೀನಿ, ನನ್ನ ಹತ್ರ ಅರ್ಧ ತಗೋ" ಎಂದು ವಾದ ಹೂಡಿದ್ದಳು. ಅದಕ್ಕೆ ಮಾತ್ರ ಅವನು ಒಪ್ಪಿರಲಿಲ್ಲ. ತೂಕದ ನ್ಯಾಯ ಅವನಿಗೆ ಒಂದೇ ಕಡೆಗೆ ವಾಲುತ್ತಿತ್ತು. ಬರಬರುತ್ತ ಜಗಳ ಹಳತಾಗಿ, ಎರಡಾಳಿನ ಬಾಡಿಗೆ ಭಾನುಮತಿಗೆ ಬಿರುದಿನ ಹಾಗಾಗಿತ್ತು.

ಮುನಿಯಣ್ಣ ಹುರುಳಿ ಮೂಟೆಯನ್ನು ಹಿಂದಿನಿಂದ ಎಳೆದು ತನ್ನ ಕಾಲ ಬಳಿ ಹಾಕಿಕೊಂಡ. ಗಾಡಿ ಸಮಕ್ಕೆ ಬಂತು. ಆಗ ಅವನು ತಿರುಗಿ ಭಾನುಮತಿಯನ್ನು ಸರಿಯಾಗಿ ನೋಡಿದ.

"ಏನಮ್ಮಾ, ಇಂಗೆ ಸೊರಗೋಗಿದ್ದೀರ? ಇನ್ಮೇಲೆ ಒಬ್ರ ಬಾಡ್ಗೆ ಕೊಡಿ, ಸಾಕು."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಭಾನುಮತಿಗೆ ಮಾತ್ರ ನಡುಬೀದಿಯಲ್ಲಿ ಸೆರಗು ಜಾರಿದಂತಾಯಿತು.

ಕಾರ್ಖಾನೆಯಲ್ಲಿ ಮುಷ್ಕರ ಶುರುವಾಗಿ ಅಂದಿಗೆ ಅರವತ್ತೆರಡು ದಿನ. ಅವಳ ಗಂಡ ಜಯಸಿಂಹ ಯೂನಿಯನ್ನಿನವನು. "ನಮ್ಮನೇಲಿ ಯಾರೂ ಉಪವಾಸ ಬಿದ್ದಿಲ್ಲ, ಇನ್ನೂ ಎರಡು ತಿಂಗಳು ತಡೀತೀವಿ" ಎಂದು ದಿನವೂ ಕಾರ್ಖಾನೆ ಗೇಟಿನ ಮುಂದೆ ಭಾಷಣ ಮಾಡುತ್ತಿದ್ದ. "ನಿಮ್ಮನೆಯವರನ್ನ ನೋಡಿದ್ರೇ ಗೊತ್ತಾಗುತ್ತೆ ಬಿಡು ಗುರು" ಎಂದು ಜೊತೆಯವರು ನಗುತ್ತಿದ್ದರು. ಆ ನಗುವಿನಲ್ಲಿ ಅವರಿಗೆ ಧೈರ್ಯವೂ ಇತ್ತು. ಒಬ್ಬ ಸೋತು ಕೆಲಸಕ್ಕೆ ಹೋದರೆ ಮಿಕ್ಕವರೂ ಕುರಿಮಂದೆಯಂತೆ ಹಿಂದೆ ಹೋಗುತ್ತಾರೆ ಎಂಬುದೇ ಜಯಸಿಂಹನ ಭಯ. ಭಾನುಮತಿಗೆ ಅದು ಗೊತ್ತಿತ್ತು. ಒಂದು ತಿಂಗಳಿಂದ ಅವಳು ಗಂಡನಿಗೂ ಮಕ್ಕಳಿಗೂ ಬಡಿಸಿ, "ನಂದಾಯ್ತು" ಎಂದು ಬರಿ ಪಾತ್ರೆ ತೊಳೆದಿಡುತ್ತಿದ್ದಳು. ಹೊರಗೆ ಹೊರಟರೆ ಎರಡು ಲಂಗ, ದಪ್ಪ ಸೀರೆ, ಮೇಲೊಂದು ಸ್ವೆಟರ್. ಬೀದಿಯ ಕಣ್ಣಿಗೆ ಅಷ್ಟು ಸಾಕಾಗಿತ್ತು, ಗಾಡಿಗೆ ಸಾಕಾಗಲಿಲ್ಲ.

ಆ ತಿಂಗಳಿಡೀ ಅವಳು ಗಾಡಿ ಹತ್ತಿರಲಿಲ್ಲ. ಇವತ್ತು ಅಕ್ಕನಲ್ಲಿ ನಾಲ್ಕು ಸೇರು ರಾಗಿ ಕೇಳಿ ತರಲು ಹೊರಟವಳು ನಡೆದೇ ಹೋಗುವವಳಿದ್ದಳು. ಕುಂದಲಹಳ್ಳಿ ಗೇಟಿನ ಹತ್ತಿರ ವೆಂಕಟಲಕ್ಷ್ಮಿ ಗಾಡಿಯಿಂದಲೇ "ಬನ್ನಿ ಅಕ್ಕ" ಎಂದು ಕೂಗಿದ್ದಳು. ಅವಳ ಗಂಡ ಸುಬ್ರಹ್ಮಣ್ಯನೂ ಅದೇ ಕಾರ್ಖಾನೆಯವನು, ಜಯಸಿಂಹನ ಬಲಗೈ. ಅವಳ ಎದುರಿಗೆ ಬಾಡಿಗೆಗೆ ಹಿಂಜರಿಯುವುದು ಹೇಗೆ?

"ಡಾಕ್ಟ್ರು ಅನ್ನ ಬಿಡಿ ಅಂದಿದಾರೆ ಮುನಿಯಣ್ಣ" ಎಂದು ಭಾನುಮತಿ ನಕ್ಕಳು. "ಹೀಗೇ ಇದ್ರೆ ಸಕ್ಕರೆ ಕಾಯಿಲೆ ಬರುತ್ತಂತೆ."

"ಅನ್ನ ಬಿಟ್ರೆ ಮುದ್ದೆ ಉಣ್ಬೇಕು ಕಣಮ್ಮಾ. ಇದು ಏನೂ ಉಣ್ಣದೋರ ತೂಕ. ಇಪ್ಪತ್ತು ವರ್ಸದಿಂದ ಜನಾನ ಒತ್ಕೊಂಡು ತಿರುಗ್ತಿವ್ನಿ, ನಂಗೊತ್ತಾಗಲ್ವಾ?"

"ನಿನ್ನ ಬಾಯಿ ಜಾಸ್ತಿ ಆಯ್ತು. ತಗೋ." ಅವಳು ಪರ್ಸಿನಿಂದ ಎಂಬತ್ತು ಪೈಸೆ ತೆಗೆದು ಅವನ ಕೈಗೆ ತುರುಕಿದಳು. "ಯಾವತ್ತೂ ಇಬ್ಬರದು ಕೊಟ್ಟೋಳು ನಾನು. ಇವತ್ತೇನು ಹೊಸದು?"

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವುದು ಇದಕ್ಕೇ. ಪರ್ಸಿನಲ್ಲಿ ಇನ್ನೊಂದು ಕಾಸು ಉಳಿದಿರಲಿಲ್ಲ. ವಾಪಸು ಬರುವಾಗ ರಾಗಿಯ ಗಂಟನ್ನು ಸೊಂಟದಲ್ಲಿಟ್ಟುಕೊಂಡು ಅಷ್ಟೂ ದಾರಿ ನಡೆಯಬೇಕಿತ್ತು. ಮುನಿಯಣ್ಣ ಅರ್ಧ ದುಡ್ಡು ಹಿಂದಕ್ಕೆ ಚಾಚಿದ. ಅವಳು ಕೈ ನೀಡಲಿಲ್ಲ. ಅವನು ದುಡ್ಡನ್ನು ಜೇಬಿಗಿಳಿಸಿ ಗಾಡಿ ಹೊಡೆದ.

ದಾರಿಯುದ್ದಕ್ಕೂ ಭಾನುಮತಿ ಅದೂ ಇದೂ ಮಾತಾಡಿದಳು. ಸೀಮೆಎಣ್ಣೆಯ ಸಾಲು, ಮಗಳ ಪರೀಕ್ಷೆ, ಗೇಟಿನ ಮುಂದಿನ ಭಾಷಣ. ಬಿಸಿಲಿಗೆ ಭಾನುಮತಿ ಸ್ವೆಟರಿನ ತೋಳು ಮೇಲೇರಿಸಿದಾಗ, ಸಡಿಲವಾದ ರವಿಕೆಯ ತೋಳಿಗೆ ಹಾಕಿದ್ದ ಎರಡು ಪಿನ್ನು ಕಂಡವು. ವೆಂಕಟಲಕ್ಷ್ಮಿ ಅವನ್ನೇ ನೋಡುತ್ತ ಕುಳಿತಳು.

ವರ್ತೂರು ಕೆರೆ ಏರಿಯ ಮೇಲೆ ಬಂದಾಗ, ಮುನಿಯಣ್ಣನಿಗೆ ಕೇಳದ ಹಾಗೆ ಅವಳು ಬಾಯಿ ಬಿಟ್ಟಳು. "ನಮ್ಮನೇಲೂ ಹದಿನೈದು ದಿನದಿಂದ ಒಂದ್ಹೊತ್ತೇ ಅಕ್ಕ. ಮಗು ರಾತ್ರಿಯೆಲ್ಲ ಅಳುತ್ತೆ. ಆದ್ರೂ ಕೆಲಸಕ್ಕೆ ಹೋಗ್ರೀ ಅಂತ ಇವರಿಗೆ ನಾನು ಒಂದು ದಿನಾನೂ ಹೇಳ್ಲಿಲ್ಲ. ನಿಮ್ಮನ್ನ ನೋಡ್ತಿದ್ದೆ, ಇನ್ನೂ ತಡೀಬಹುದು ಅನ್ನಿಸ್ತಿತ್ತು."

ಭಾನುಮತಿ ಅವಳ ಕೈ ಹಿಡಿದುಕೊಂಡಳು. "ತಡ್ಕೊಳ್ಳೋಣ ಕಣೇ. ಇನ್ನೊಂದೇ ವಾರ."

ವೆಂಕಟಲಕ್ಷ್ಮಿ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ನಾಳೆ ಫಸ್ಟ್ ಶಿಫ್ಟಿಗೆ ಇವರಿಗೆ ಡಬ್ಬಿ ಕಟ್ತೀನಿ ಅಕ್ಕ."