ಅರ್ಧ ಮಗ್ಗುಲು

ಕರಡಿಗುಡ್ಡ ನಿದ್ದೆಯಲ್ಲಿದ್ದರೆ ಮಾತ್ರ ಅದರ ಬೆನ್ನ ಮೇಲಿನ ಊರಿಗೆ ನೆಮ್ಮದಿ. ಅದಕ್ಕೆಂದೇ ಅಲ್ಲಿ ಹಗಲಿರುಳು ಜೋಗುಳ ನಡೆಯಬೇಕು. ಮಂದ್ರದ ಸದ್ದು ಹೊರಡಿಸುವ ಹಳೆಯ ಸಬ್‌ವೂಫರ್ ಡಬ್ಬ ಗೊರಗುಟ್ಟತೊಡಗಿದ್ದರಿಂದ, ಸ್ಪೀಕರ್ ಕೆಲಸದ ಸುಕನ್ಯ ಅದನ್ನು ಕಳಚಿ, ಎರಡು ಹೊಸದನ್ನು ಅಕ್ಕಪಕ್ಕ ಬಂಡೆಗೆ ಬಿಗಿದು, ಬೀದಿ ಕಂಬಗಳಿಗೆ ಸಣ್ಣ ಸ್ಪೀಕರ್‌ಗಳನ್ನು ಕಟ್ಟಿ, ಸ್ವಿಚ್ ಒತ್ತಿದಳು.

ಕಂಬಗಳ ಮೇಲಿಂದ ಜೋಗುಳದ ಮಾತು ಕೇಳಿತು. ಆದರೆ ಗುಡ್ಡವನ್ನು ಮಲಗಿಸುವ ಮಂದ್ರ ಮಾತ್ರ ಇಲ್ಲ. ಸುಕನ್ಯ ವಾಲ್ಯೂಮ್ ಏರಿಸಿದಳು. ಎರಡೂ ಡಬ್ಬಗಳ ಮುಂಭಾಗದ ತೆಳು ಕೋನ್‌ಗಳು ಅದುರಿದವು, ಸದ್ದು ಹೊರಡಲಿಲ್ಲ. ಕಾಲಡಿಯ ಬಂಡೆ ಆಕಳಿಸಿದಂತೆ ಸರಿಯಿತು. ಗುಡ್ಡ ಮಗ್ಗುಲು ಹೊರಳತೊಡಗಿತು; ಊರೊಳಗೆ ಪಾತ್ರೆಗಳು ಉರುಳಿದವು.

"ಏಳ್ತಾ ಐತೆ ಕಣವ್ವ! ಇನ್ನೊಂದು ಡಬ್ಬ ತರಿಸ್ಲಾ?" ಜೋಗುಳದ ಉಸ್ತುವಾರಿ ಹೊತ್ತ ಮುದುಕ ಚೆಲುವಯ್ಯ ಕೂಗಿದ.

ಸುಕನ್ಯ ಎರಡೂ ಕೋನ್‌ಗಳ ಮೇಲೆ ಒಂದೊಂದು ಅಂಗೈ ಇಟ್ಟಳು. ಒಂದು ಹೊರಕ್ಕೆ ಉಬ್ಬುವಾಗ ಇನ್ನೊಂದು ಒಳಕ್ಕೆ ಸರಿಯುತ್ತಿತ್ತು. ಅವಸರದಲ್ಲಿ ಒಂದಕ್ಕೆ ಪ್ಲಸ್ ಮೈನಸ್ ತಂತಿಗಳನ್ನು ಅದಲುಬದಲಾಗಿ ಕೊಟ್ಟಿದ್ದಳು. ಒಂದರ ಸದ್ದನ್ನು ಇನ್ನೊಂದು ನುಂಗುತ್ತಿತ್ತು.

ತಂತಿ ಬದಲಿಸಿ ಕೊಡಲು ಹೊತ್ತಿಲ್ಲದೆ ಅವಳು ಒಂದರ ತಂತಿಯನ್ನು ಕಿತ್ತೇಬಿಟ್ಟಳು.

"ಅಯ್ಯೋ, ಎರಡಿದ್ರೂ ಸಾಲ್ದೇ ಇರೋವಾಗ ಇರೋದನ್ನೂ ಕೀಳ್ತೀಯಲ್ಲವ್ವ!"

ಅವನ ಮಾತು ಮುಗಿಯುವ ಮುನ್ನವೇ ಉಳಿದ ಒಂಟಿ ಡಬ್ಬದಿಂದ ಮಂದ್ರ ಎದ್ದು ಎದೆಗೆ ತಾಕಿತು. ಗುಡ್ಡ ನಿಟ್ಟುಸಿರು ಬಿಟ್ಟು, ಅರ್ಧ ಮಗ್ಗುಲಿಗೇ ನಿಂತು, ಹಾಗೇ ನಿದ್ದೆಗೆ ಜಾರಿತು.

ಚೆಲುವಯ್ಯ ಬೆವರೊರೆಸಿಕೊಂಡು ಊರಿನತ್ತ ನೋಡಿ ಬೆಚ್ಚಿದ. "ಎಲ್ಲಾ ಸರಿ, ಪೂರ್ವಕ್ಕಿದ್ದ ನನ್ ಮನೆ ಬಾಗ್ಲು ದಕ್ಷಿಣಕ್ಕೆ ತಿರುಗೋಯ್ತಲ್ಲವ್ವ!"

"ಪೂರ್ವಕ್ಕೆ ತಿರುಗಿಸ್ಬೇಕಂದ್ರೆ ಗುಡ್ಡಾನೇ ಎಬ್ಬಿಸ್ಬೇಕು. ಎಬ್ಬಿಸ್ಲಾ ತಾತ?"

ಚೆಲುವಯ್ಯ ಮೆಟ್ಟು ಕಳಚಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಮನೆಯತ್ತ ಹೊರಟ.