ಬೆಸುಗೆಯ ಗಂಟು

"ಸೀಸ ಸೇರಿದ್ರೆ ಚಿನ್ನ ಬಿರುಕು ಬಿಡುತ್ತೆ, ರಿಫೈನರಿಯವ್ರು ವಾಪಸ್ ಕಳಿಸ್ತಾರೆ. ಸೀಸ ಇಲ್ಲ ಅಂತ ಇಲ್ಲಿ ಸಹಿ ಹಾಕಿ ಅಕ್ಕ," ಎಂದು ಕರಾರುಪತ್ರ ಮುಂದಿಟ್ಟ ಮೂಡಿಗೆರೆಯ ಚಿನ್ನದಂಗಡಿಯ ಮಲ್ಲಿಕಾರ್ಜುನ, ಕರಗಿಸಲು ತಂದಿದ್ದ ಸರದ ನಡುವಿನ ಬೂದು ಗಂಟು ಕಂಡು ನಕ್ಕ. "ಇದನ್ನ ಬೆಸೆದೋರು ಅಕ್ಕಸಾಲಿಗರಾ, ಜೀಪ್ ಮೆಕ್ಯಾನಿಕ್ಕಾ?"

"ಮೆಕ್ಯಾನಿಕ್ಕೇ. ನಮ್ಮನೆಯವ್ರು," ಎಂದಳು ಜಮೀಲುನ್ನೀಸಾ.

ಒಮ್ಮೆ ತುಂಡಾದ ಸರಕ್ಕೆ ಗಂಡ ತನ್ನ ಗ್ಯಾರೇಜಿನಲ್ಲೇ ರೇಡಿಯೇಟರಿನ ಬೆಸುಗೆ ಹಾಕಿ, ಆರುವವರೆಗೂ ಊದಿ ಊದಿ, ತಾನೇ ಅವಳ ಕೊರಳಿಗೆ ಹಾಕಿದ್ದ. ಅವನು ತೀರಿಕೊಂಡು ಆರು ವರ್ಷ. ಈಗ ಆ ಸರ ಕರಗಿ ಮಗಳು ಜಿಕ್ರಾಳ ಮದುವೆಯ ಬಳೆಯಾಗಬೇಕಿತ್ತು.

ಮಲ್ಲಿಕಾರ್ಜುನ ಗಂಟನ್ನು ಕತ್ತರಿಸಿ ಕಸದ ಡಬ್ಬಿಯತ್ತ ಕೈ ಚಾಚಿದ.

"ಅದು ನಂಗೆ ಕೊಡಿ."

"ಬರೀ ಸೀಸ ಅಕ್ಕ, ಬೆಲೆ ಏನೂ ಬರಲ್ಲ."

ಅವಳು ಅದನ್ನು ಎಡಗೈ ಮುಷ್ಟಿಯಲ್ಲಿ ಬಿಗಿಹಿಡಿದು, ಸೀಸ ಇಲ್ಲವೆಂಬ ಸಾಲಿನ ಕೆಳಗೆ ಸಹಿ ಹಾಕಿದಳು.