ಮೂರನೆಯ ಹುದ್ದೆ

ಮೂವರಲ್ಲಿ ಒಬ್ಬರನ್ನು ತೆಗೆಯಬೇಕಿತ್ತು. ಯಾರನ್ನು ಎಂದು ಹೇಳುವ ಕೆಲಸ ಕಲ್ಮೇಶನ ಪಾಲಿಗೆ ಬಂದಿತ್ತು.

ಹೂಸ್ಟನ್ ಹೊರವಲಯದ ಒಂದು ಪುಟ್ಟ ನಗರಸಭೆ. ಅಲ್ಲಿನ ಪೊಲೀಸರಿಗೊಂದು ನೌಕರರ ಸಂಘ. ಮೂವರು ಪೊಲೀಸರು ಸಂಬಳ ಪಡೆಯುವುದು ನಗರಸಭೆಯಿಂದ, ದುಡಿಯುವುದು ಪೂರ್ತಿ ಸಂಘಕ್ಕೆ. ಒಪ್ಪಂದವೇ ಹಾಗಿತ್ತು. ತೆರಿಗೆ ಕಟ್ಟುವವರು ಗೊಣಗಿದರು. ಒಬ್ಬರನ್ನು ಗಸ್ತಿಗೆ ವಾಪಸು ಕಳಿಸೋಣ ಎಂದು ಸಭೆ ತೀರ್ಮಾನಿಸಿತು. ಹೆಸರು ಹೇಳಿ ಕೆಟ್ಟವರಾಗಲು ಯಾರಿಗೂ ಮನಸ್ಸಿಲ್ಲ. ಅದಕ್ಕೇ ಡಲ್ಲಾಸ್ ಕಡೆಯ ಮೆಕಿನ್ನಿಯಲ್ಲಿ ಬಜೆಟ್ ಸಲಹೆಗಾರನಾಗಿದ್ದ ಕಲ್ಮೇಶನನ್ನು ಹಿಡಿದರು.

ಮೊದಲು ಒಂದು ಫಾರ್ಮ್ ತುಂಬಬೇಕಿತ್ತು. ಇಲಾಖೆಯಲ್ಲಿ ನಿಮ್ಮ ಸಂಬಂಧಿಕರು ಇದ್ದಾರೆಯೇ?

‘ಇಲ್ಲ’ ಎಂದು ಬರೆದ.

ಅವನ ಒಬ್ಬಳೇ ಮಗಳು ಶರ್ವಾಣಿ ಎರಡು ವರ್ಷದಿಂದ ಅದೇ ಇಲಾಖೆಯ ಖಾಕಿಯಲ್ಲದ ನೀಲಿ ಸಮವಸ್ತ್ರ ಹಾಕಿಕೊಂಡು ಓಡಾಡುತ್ತಿದ್ದಳು. ಡಾಕ್ಟರ್ ಆಗಬೇಕಾದವಳು ಪೊಲೀಸ್ ಆದಳು. ಅಂದೇ ಕಲ್ಮೇಶ, ಧಾರವಾಡದ ನೆಂಟರೆಲ್ಲ ಕೇಳುವಂತೆ, ತನಗೆ ಮಗಳೇ ಇಲ್ಲ ಎಂದು ಫೋನಿನಲ್ಲಿ ಸಾರಿದ್ದ. ಆಡಿದ ಮಾತನ್ನು ಹಿಂದೆ ತೆಗೆದುಕೊಂಡು ಅವನಿಗೆ ಗೊತ್ತಿಲ್ಲ. ಅದನ್ನೇ ಗುಣವೆಂದು ತಿಳಿದ ಮನುಷ್ಯ.

ನಗರಸಭೆ ಕಳಿಸಿದ ಕಾಗದಗಳಲ್ಲಿ ಹೆಸರುಗಳಿರಲಿಲ್ಲ, ಹುದ್ದೆಯ ಸಂಖ್ಯೆಗಳಷ್ಟೆ. ಒಂದನೆಯದು ಅಧ್ಯಕ್ಷರದು, ವಾರಕ್ಕೆ ಮೂರು ದಿನ ಗಾಲ್ಫ್. ಎರಡನೆಯವರು ಶಾಸಕರ ಹಿಂದೆ ಸುತ್ತಲು ರಾಜಧಾನಿ ಆಸ್ಟಿನ್‌ಗೆ ಹೋಗುವವರು. ಮೂರನೆಯವರು ಹೊಸಬರು. ಗಸ್ತಿನಲ್ಲಿ ಪೆಟ್ಟು ತಿಂದ, ಕಂಗೆಟ್ಟ ಪೊಲೀಸರ ಜೊತೆ ಕುಳಿತು ಮಾತಾಡುವ ಕೆಲಸ. ಸಂಘದಿಂದ ಯಾರಿಗಾದರೂ ಪ್ರಯೋಜನವಾಗಿದ್ದರೆ ಅದು ಈ ಮೂರನೆಯವರಿಂದ ಎಂದು ಇಲಾಖೆಯೇ ಬರೆದುಕೊಟ್ಟಿತ್ತು.

ಜೂನ್ ತಿಂಗಳ ಒಂದು ಸೋಮವಾರ, ಊಟಕ್ಕೆ ಕೂತಾಗ ಹೆಂಡತಿ ಕುಮುದಾಳ ಮುಖ ಅರಳಿತ್ತು.

“ಶರ್ವಾಣಿ ಫೋನ್ ಮಾಡಿದ್ಳು. ಭುಜಕ್ಕ ಚಾಕು ಹಾಕಿಸ್ಕೊಂಡ ಮ್ಯಾಲೆ ರೋಡ್ ಡ್ಯೂಟಿ ಬ್ಯಾಡಂತ ಅಂದಾರಂತ್ರೀ. ಈಗ ಸಂಘದಾಗ ಕೆಲಸ ಮಾಡಾಕತ್ತಾಳ. ದೇವರು ಕಣ್ಣು ಬಿಟ್ಟ.”

“ಸಂಘದಾಗೇನು? ಯುಗಾದಿಗೆ ಹೋಳಿಗಿ ಹಂಚಲಿ ಬಿಡು.”

ಕುಮುದಾ ಏನೋ ಹೇಳಹೋದಳು. ಅವನು ಕೈ ತೊಳೆಯಲು ಎದ್ದ.

“ಎಷ್ಟು ದಿನಾರೀ ಈ ಸಿಟ್ಟು?”

“ಹೆದರಿಕಿ ಆದ ದಿನ ತಾನ ಕೆಲಸಾ ಬಿಟ್ಟು ಮನಿಗೆ ಬರ್ತಾಳ. ಅಲ್ಲೀತನಕ ಆಕಿ ಸುದ್ದಿ ಬ್ಯಾಡ.”

ಬುಧವಾರ ಕಲ್ಮೇಶ ಹೂಸ್ಟನ್ ಕಡೆಗೆ ಐದು ಗಂಟೆ ಡ್ರೈವ್ ಮಾಡಿದ. ಹೆಂಡತಿಗೆ ಹೇಳಿದ್ದು ಸ್ಥಳ ಪರಿಶೀಲನೆ ಎಂದು. ಯಾರನ್ನೂ ಭೇಟಿಯಾಗದೆ ಹಿಂತಿರುಗಿದ. ಗುರುವಾರ ವರದಿ ಮುಗಿಸಿದ. ಕೊನೆಗೆ ಬಂದವರು ಮೊದಲು ಹೋಗಬೇಕು, ನ್ಯಾಯ ಅದೇ ಎಂದು ಬರೆದು ಮೂರನೆಯ ಹುದ್ದೆಯ ಮೇಲೆ ಗೆರೆ ಎಳೆದ. ಸಭೆಯಲ್ಲಿ ವರದಿ ಓದಿದವನೂ ಅವನೇ. ಎಲ್ಲರೂ ಕೈ ಎತ್ತಿದರು.

ಅಕ್ಟೋಬರ್ ಒಂದರಿಂದ ಆದೇಶ ಜಾರಿಯಾಯಿತು. ಹನ್ನೊಂದನೆಯ ದಿನ ಮಧ್ಯಾಹ್ನ ಹೆದ್ದಾರಿಯ ಬದಿಯಲ್ಲಿ ಕಾರೊಂದನ್ನು ನಿಲ್ಲಿಸಿ ಲೈಸೆನ್ಸ್ ಕೇಳುತ್ತಿದ್ದ ಶರ್ವಾಣಿಗೆ ಹಿಂದಿನಿಂದ ಟ್ರಕ್ ಗುದ್ದಿತು.

ಜೀವ ಉಳಿಯಿತು. ಇನ್ನು ನಡೆಯಲಾರಳು ಎಂದರು ಡಾಕ್ಟರು.

ಆಸ್ಪತ್ರೆಯ ಪಡಸಾಲೆಯಲ್ಲಿ ಕಲ್ಮೇಶನನ್ನು ಕಂಡು ಪೊಲೀಸ್ ಸಂಘದ ಅಧ್ಯಕ್ಷ ಬೆಚ್ಚಿ ನಿಂತ. ಸಭೆಯಲ್ಲಿ ವರದಿ ಓದಿದ ಮುಖ. ಈ ಮನುಷ್ಯನೇ ನಿಮ್ಮ ಮಗಳನ್ನು ಮತ್ತೆ ರಸ್ತೆಗೆ ಕಳಿಸಿದ್ದು ಎಂದು ಕುಮುದಾಳಿಗೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿ ಹೋದ.

ಕುಮುದಾ ಗಂಡನ ಕಡೆ ತಿರುಗಿದಳು. “ಹೌದೇನ್ರೀ?”

ಕಲ್ಮೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. “ಕಾಗದದಾಗ ಹೆಸರ ಇರಲಿಲ್ಲ ಕುಮುದಾ. ನೀ ಸಂಘ ಅಂದಿ. ನಾ ಕನ್ನಡ ಸಂಘ ಅಂತ ತಿಳ್ಕೊಂಡೆ.”

ಕುಮುದಾ ಅವನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

“ಪೊಲೀಸ್ ಸಂಘ ಅಂತ ನಾನ ಬಿಡಿಸಿ ಹೇಳಬೇಕಿತ್ತು. ತಪ್ಪು ನಂದ್ರೀ. ನನ್ನ ಮಗಳನ್ನ ನಾನ ಹಾಳು ಮಾಡಿದೆ.”

ಅಲ್ಲ ಎಂದು ಅವನು ಹೇಳಲಿಲ್ಲ.

ಜೂನಿನ ಆ ಬುಧವಾರ, ರಸ್ತೆಯ ಈಚೆ ಕಾರಿನೊಳಗೆ ಕುಳಿತು ಅವನು ಅರ್ಧ ಗಂಟೆ ನೋಡಿದ್ದು, ಪೊಲೀಸ್ ಸಂಘದ ಕಚೇರಿಯ ಗಾಜಿನಾಚೆ ಯಾವ ಹೆದರಿಕೆಯೂ ಇಲ್ಲದೆ ನಗುತ್ತ ಕುಳಿತಿದ್ದ ಶರ್ವಾಣಿಯನ್ನೇ.